ಬಾಗಿಲ ಮೇಲಿನ ದೊಡ್ಡ ಸಂಖ್ಯೆ

ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ಇಂಗ್ಲಿಷ್ ಅಕ್ಷರ ಬಾರದು, ಅಂಕಿ ಬರುತ್ತದೆ. ನಾನೂ ತಮ್ಮನೂ ಸೇರಿ ಕೊಂಡ ಪಿಕಪ್ ಗಾಡಿಯ ಬಾಗಿಲ ಮೇಲೆ ಎರಡು ಸಂಖ್ಯೆ ಬರೆದಿದ್ದರು. ಚಿಕ್ಕದು ಗಾಡಿಯ ತೂಕ, ದೊಡ್ಡದು ಅದು ಹೊರುವ ತೂಕ ಎಂದು ನಾನೇ ತೀರ್ಮಾನಿಸಿಕೊಂಡೆ. ಓಡಿಸುವುದು ತಮ್ಮನ ಕೆಲಸ, ಲೆಕ್ಕ ನನ್ನದು.

ದೊಡ್ಡಬೆಳವಂಗಲದ ಕಡೆ ಒಂದು ದ್ರಾಕ್ಷಿ ತೋಟ ಕಿತ್ತು ತೆಗೆಯುತ್ತಿದ್ದರು. ಬಳ್ಳಿ ಹಬ್ಬಿಸಲು ನೆಟ್ಟಿದ್ದ ಕಲ್ಲುಕಂಬಗಳನ್ನು ಸಾಗಿಸುವ ಬಾಡಿಗೆ ನಮಗೆ ಸಿಕ್ಕಿತು. ನಿಂತಾಗ ತೆಳ್ಳಗೆ ಕಾಣುವ ಕಂಬ, ಎತ್ತಲು ಹೋದರೆ ನಾಲ್ಕು ಜನರ ಸೊಂಟ ಕೇಳುತ್ತದೆ. ಒಂದು ಕಂಬದ ತೂಕ ಕೇಳಿಕೊಂಡು, ದೊಡ್ಡ ಸಂಖ್ಯೆ ತುಂಬುವಷ್ಟು ಕಂಬ ಎಣಿಸಿ ಹೇರಿಸುತ್ತಿದ್ದೆ.

"ಸಾಕು ಕಣಕ್ಕ. ಗಾಡಿ ಹಿಂದೆ ಕುಂತ್ಬಿಟ್ಟೈತೆ," ಎಂದ ತಮ್ಮ.

"ಕುಂತಿರೋದು ಗಾಡಿಯಲ್ಲ, ನಿನ್ ಧೈರ್ಯ. ಬಾಗ್ಲ ಮೇಲೆ ಬರ್ದಿರೋದು ಸುಳ್ಳಾ? ಹಾಕ್ಸೋ!"

ಹಾಕಿಸಿದ. ನಾನು ಪಕ್ಕದಲ್ಲೇ ಕೂತೆ.

ಕೆರೆ ಏರಿಯಿಂದ ಇಳಿಯುವಾಗ ತಮ್ಮನ ದನಿ ಬದಲಾಯಿತು. "ಸ್ಟೇರಿಂಗು ಹಗೂರಾಗೋಯ್ತಕ್ಕ. ಕೈಗೆ ಏನೂ ಸಿಗ್ತಿಲ್ಲ." ಅಷ್ಟು ಕಲ್ಲು ಹೇರಿದ ಗಾಡಿ ಹಗುರವೇ! ಹಿಂದಿನ ಭಾರಕ್ಕೆ ಮುಂದಿನ ಚಕ್ರಗಳು ನೆಲವನ್ನು ಮುಟ್ಟಿಯೂ ಮುಟ್ಟದಂತೆ ಉರುಳುತ್ತಿದ್ದವು. ಬ್ರೇಕ್ ಒತ್ತಿದ, ನಿಲ್ಲಲಿಲ್ಲ. ಅವನು ಗಾಡಿಯನ್ನು ನೀರಿನ ಕಡೆ ಬಿಡದೆ ಮಣ್ಣಿನ ದಿಬ್ಬಕ್ಕೆ ನುಗ್ಗಿಸಿದ. ಹಿಂದಿನಿಂದ ಒಂದು ಕಂಬ ಗಾಜು ಒಡೆದು ಬಂದು ಅವನ ಕತ್ತಿಗೆ ಗೇಣು ದೂರದಲ್ಲಿ ನಿಂತಿತು.

"ನಿನ್ಗೇನೂ ಆಗ್ಲಿಲ್ವಾ ಅಕ್ಕ?" ಅಂದ.

ಮನೆಯಲ್ಲಿ ಅಮ್ಮ ಅವನನ್ನೇ ಬೈದರು. "ಓಡ್ಸಕ್ಕೆ ಬರ್ದಿದ್ಮೇಲೆ ಯಾಕ್ಲಾ ಬೇಕಿತ್ತು ಗಾಡಿ?" ಹೇರಿಸಿದ್ದು ನಾನು ಎಂದು ನಾನು ಹೇಳಲಿಲ್ಲ. ತಟ್ಟೆ ತೊಳೆಯುತ್ತಾ ಹೋದೆ. ತನ್ನ ಕೈಯೇ ಸರಿಯಿಲ್ಲವೆಂದು ತಮ್ಮ ನಂಬಿದ, ಸ್ಟೇರಿಂಗ್ ಮುಟ್ಟುವುದನ್ನೇ ಬಿಟ್ಟ.

ಗಾಡಿ ರಿಪೇರಿ ಮಾಡಿದ ಮೆಕ್ಯಾನಿಕ್ ನನ್ನ ಲೆಕ್ಕ ಕೇಳಿ ನಕ್ಕ. "ದೊಡ್ಡ ನಂಬರು ಎಲ್ಲಾ ಸೇರಿ ಕಣಮ್ಮ. ಗಾಡಿ, ಸರಕು, ಒಳಗೆ ಕುಂತೋರು, ಎಲ್ಲಾ. ಚಿಕ್ಕದನ್ನ ಅದ್ರಾಗೆ ಕಳೀರಿ." ಕಳೆದೆ. ಹೊರಬೇಕಾದ್ದಕ್ಕಿಂತ ದುಪ್ಪಟ್ಟು ಹೇರಿದ್ದೆ. ಆದರೂ ಆ ಕಬ್ಬಿಣ ಮುರಿಯದೆ ಏರಿಯವರೆಗೂ ನಮ್ಮನ್ನು ಹೊತ್ತು ತಂದಿತ್ತು. ಅದರ ಮೈ ಮುಟ್ಟಲೂ ನನಗೆ ಭಯವಾಯಿತು.

ಆ ಮೆಕ್ಯಾನಿಕ್ಕಿನಿಂದಲೇ ಗಾಡಿಯನ್ನು, ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ತರಿಸಿ, ತಮ್ಮನನ್ನೂ ಕರೆದೊಯ್ದೆ. ಬರಿಯ ಗಾಡಿಯೇ ದೊಡ್ಡ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ತೂಗಿತು. ದೊಡ್ಡ ಸಂಖ್ಯೆಯ ಬಗ್ಗೆ ಮೆಕ್ಯಾನಿಕ್ ಹೇಳಿದ್ದನ್ನು ತಮ್ಮನಿಗೆ ಹೇಳಿದೆ. ಅವನು ತೂಕದ ಫಲಕದ ಕೆಂಪು ಅಂಕಿಗಳನ್ನೇ ನೋಡುತ್ತಾ ನಿಂತ.

"ಹಂಗಾರೆ ಅವತ್ತಿನ ತಪ್ಪು ನನ್ ಕೈದಲ್ವಾ?"

"ಅಲ್ಲ ಕಣೋ. ನನ್ ಬಾಯಿದು. ಅಮ್ಮಂಗೂ ಹೇಳ್ತೀನಿ."

"ಇಷ್ಟು ದಿನ ನುಂಗ್ಕೊಂಡಿದ್ಯಲ್ಲಕ್ಕ" ಎಂದ.

ಅವನು ಹೋಗಿ ಸ್ಟೇರಿಂಗಿನ ಮುಂದೆ ಕೂತ. ಅಂಕಿ ಅಲುಗಿ ಮೇಲೇರಿ ನಿಂತಿತು. ಅಷ್ಟು ಕಂಬಗಳನ್ನು ಎಣಿಸಿ ಹೇರಿಸಿದ ನಾನು, ತಮ್ಮನಿಗೂ ಒಂದು ತೂಕವಿದೆ ಎಂಬುದನ್ನು ಅಲ್ಲಿ ನಿಂತು ನೋಡಿದೆ.