ಬೆನ್ನಿಗೆ ದಾರ ಹಿಡಿಯುತ್ತಿದ್ದವರು

ಕುಂದಾಪುರದ ಆ ಫಿಸಿಯೋಥೆರಪಿಸ್ಟ್ ಬೆನ್ನು ಅಳೆಯುತ್ತಿದ್ದದ್ದು ಗಂಗೊಳ್ಳಿಯ ಮೀನುಬಲೆಯ ಸೀಸದ ಗುಂಡು ಕಟ್ಟಿದ ದಾರದಿಂದ. ಗುಂಡು ಓಲಾಡದಂತೆ ತಾವೇ ಉಸಿರು ಬಿಗಿಹಿಡಿಯುವರು. ಮಕ್ಕಳಿಗೆಲ್ಲ ಒಂದೇ ಮಾತು: "ನೆಟ್ಗೆ ನಿಲ್ಬೇಡ ಮಗಾ, ಬಸ್ಸಿಗ್ ಕಾದಂಗ್ ನಿತ್ಕೊ."

ನನ್ನ ಹದಿಮೂರರ ಮೊಮ್ಮಗಳ ಬೆನ್ನೆಲುಬು ಓರೆ. ಮೈ ಎಷ್ಟು ವಾಲಿದೆಯೆಂದು ತಿಳಿಯದೆ ಚಿಕಿತ್ಸೆ ನಿರ್ಧರಿಸುವಂತಿರಲಿಲ್ಲ. ಅವರು ಕತ್ತಿನ ಬುಡದಿಂದ ದಾರ ಇಳಿಬಿಟ್ಟರು. ನಾನು ನಿವೃತ್ತ ಡ್ರಿಲ್ ಮಾಸ್ತರ, ಅಭ್ಯಾಸಬಲದಿಂದ "ಸಾವಧಾನ್!" ಎಂದೆ. ಹುಡುಗಿ ಸೆಟೆದಳು. ಗುಂಡು ಸೊಂಟದ ನಟ್ಟನಡುವೆ ನಿಂತಿತು, ನಿಜವಾದ ವಾಲು ಮರೆಯಾಯಿತು.

"ಅಜ್ಜಯ್ಯ, ಹೊರಗ್ ಹೋಯ್ನಿ," ಎಂದರು ಫಿಸಿಯೋಥೆರಪಿಸ್ಟ್.

ಹೋದೆ. ಹೊರಗೆ ಕೆಮ್ಮಿದೆ. ಅವಳು ಮತ್ತೆ ಸೆಟೆದಳಂತೆ.

ಅವರು ಬಾಗಿಲು ತೆರೆದರು. "ಆರ್ಡರ್ ಕೊಟ್ಟದ್ ನೀವೇ ಅಲ್ದಾ? ನೀವೇ ವಾಪಸ್ ತಕಣಿ."

"ವಿಶ್ರಾಮ್," ಎಂದೆ.

ಅವಳ ಭುಜ ಇಳಿಯಿತು. ಗುಂಡು ನಡುವಿನಿಂದ ಎರಡು ಬೆರಳು ಎಡಕ್ಕೆ ನಿಂತಿತು. "ಈಗ್ ಸಿಕ್ತ್," ಎಂದು ಬರೆದುಕೊಂಡರು.

ಆ ಆಜ್ಞೆಯನ್ನು ಅಷ್ಟು ಮೆಲ್ಲಗೆ ನಾನೆಂದೂ ಕೊಟ್ಟಿರಲಿಲ್ಲ.