ಮೆಟ್ಟಿಲ ಮೇಲಿನ ಚಪ್ಪಲಿಗಳು

ಆ ಬೆಳಿಗ್ಗೆಯೂ ದಿನದ ಹಾಗೆಯೇ ಶುರುವಾಯಿತು. ಮಗಳ ಸ್ಕೂಲ್ ಬಸ್ಸು ಕತ್ತಲಿರುವಾಗಲೇ ಬಂದು ಹೋಯಿತು. ನಮ್ಮವರು ಟೈ ಕಟ್ಟಿಕೊಳ್ಳುತ್ತಲೇ ಲಿಫ್ಟಿಗೆ ಓಡಿದರು. ನಾನು ಒಗೆದ ಬಟ್ಟೆಗಳನ್ನು ಬಿದಿರುಗಳಕ್ಕೆ ಸಿಕ್ಕಿಸಿ ಅಡುಗೆಮನೆ ಕಿಟಕಿಯಾಚೆ ಚಾಚಿ, ಡಬ್ಬಿಗೆ ಉಪ್ಪಿಟ್ಟು ತುಂಬಿಕೊಂಡು ಕಾರಿಡಾರಿಗೆ ಬಂದೆ. ಪಕ್ಕದ ಮಲಯ ಆಂಟಿಯ ಬಾಗಿಲು ದಾಟಿದರೆ ಪ್ರೊಫೆಸರ್ ಅಂಕಲ್ ಮನೆ. ಕಬ್ಬಿಣದ ಗ್ರಿಲ್ಲಿಗೆ ಬಳೆಯಿಂದ ತಟ್ಟಿದೆ. ಒಳಗಿಂದ ಸ್ಟೀಲ್ ಲೋಟಕ್ಕೆ ಚಮಚ ಬಡಿದ ಸದ್ದು ಬರಬೇಕು. ಅದು ಅವರ ‘ಬಂದೆ’. ಅವತ್ತು ಬರಲಿಲ್ಲ.

ಎರಡು ಕನ್ನಡಕಗಳನ್ನು ಒಂದರ ಮೇಲೊಂದು ಹಾಕಿಕೊಳ್ಳುತ್ತಿದ್ದ ಮನುಷ್ಯ ಅವರು. ಅದೂ ಸಾಲದೆ ಎದೆಯ ಮೇಲೆ ಕಪ್ಪು ದಾರದಲ್ಲಿ ಒಂದು ಭೂತಗನ್ನಡಿ ತೂಗುತ್ತಿತ್ತು. ಬಾಗಿಲು ತೆರೆದವರೇ ಮೊದಲು ಅದನ್ನೆತ್ತಿ ನನ್ನ ಮುಖ ನೋಡಿ, “ಓಹೋ, ಕಾನ್ಸುಲ್ ಸಾಹೇಬರು ಬಂದರು. ಏನು ಇವತ್ತಿನ ವರದಿ?” ಎನ್ನುತ್ತಿದ್ದರು. ಗಾಜಿನ ಹಿಂದೆ ಅವರ ಕಣ್ಣು ಮೀನಿನ ಕಣ್ಣಿನಷ್ಟು ದೊಡ್ಡದಾಗಿ, ಒದ್ದೆಯಾಗಿ ಕಾಣುತ್ತಿತ್ತು. ಆ ಕಣ್ಣಿಗೆ ಆಗಲೇ ಅಕ್ಷರ ಕಾಣುತ್ತಿರಲಿಲ್ಲ.

ಮೈಸೂರಿನವರು. ಇಲ್ಲಿ ಸಿಂಗಾಪುರದ ಯೂನಿವರ್ಸಿಟಿಯಲ್ಲಿ ಬಹಳ ವರ್ಷ ಚರಿತ್ರೆ ಕಲಿಸಿ, ನಿವೃತ್ತರಾಗಿ, ಕ್ಲೆಮೆಂಟಿ ಬಡಾವಣೆಯಲ್ಲಿ ಆ ಪುಟ್ಟ ಫ್ಲ್ಯಾಟ್ ಕೊಂಡಿದ್ದರು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಸುತ್ತಲೂ ಬಾಡಿಗೆ ಏರುತ್ತಿದ್ದ, ಯಾವ ಕಿಟಕಿಯಲ್ಲಿ ಇಣುಕಿದರೂ ಕ್ರೇನು ಕಾಣುತ್ತಿದ್ದ ವರ್ಷಗಳವು. ಎಲ್ಲರೂ ದುಬಾರಿ ಕಾಂಡೋ ಫ್ಲ್ಯಾಟ್ ಬುಕ್ ಮಾಡುವ ಮಾತಾಡುವಾಗ ಅವರು ಮಾತ್ರ ನೂರು ವರ್ಷಕ್ಕೂ ಹಿಂದಿನ, ನೀರಿನಾಚೆಯ ಸುಮಾತ್ರಾ ತೀರದ ಒಂದು ಬಂದರಿನಲ್ಲಿ ವಾಸವಾಗಿದ್ದರು.

ಆ ಬಂದರಿನಲ್ಲಿ ಇಂಗ್ಲಿಷರ ಕಾನ್ಸುಲ್ ಒಬ್ಬನಿದ್ದನಂತೆ. ಹೆಸರಿಗೆ ವ್ಯಾಪಾರದ ಅನುಕೂಲ ನೋಡಿಕೊಳ್ಳುವವನು. ನಿಜವಾದ ಕೆಲಸ, ಊರನ್ನು ನೋಡುತ್ತಾ ಕೂರುವುದು. ಯಾರ ದೋಣಿ ಬಂತು, ಮೆಣಸಿನ ಮೂಟೆಯ ಕೆಳಗೆ ಏನಿತ್ತು, ರಾಜನ ಅಳಿಯ ಯಾರ ಮನೆಯಲ್ಲಿ ಊಟ ಮಾಡಿದ, ಎಲ್ಲವನ್ನೂ ಬರೆದು ಸಿಂಗಾಪುರಕ್ಕೆ ಹಡಗಿನಲ್ಲಿ ಕಳಿಸುತ್ತಿದ್ದ. ಅಂಕಲ್ ಯೌವನದಲ್ಲೇ ಆ ವರದಿಗಳ ಮೇಲೆ ಒಂದು ಪುಸ್ತಕ ಬರೆದು ಹೆಸರು ಮಾಡಿದ್ದರು. ಈಗ ಅದರ ಹೊಸ ಮುದ್ರಣ ಆಗುವುದಿತ್ತು. ವರದಿಗಳ ಜೆರಾಕ್ಸ್ ಪ್ರತಿಗಳನ್ನು ಇನ್ನೊಮ್ಮೆ ಓದಿ, ಪುಸ್ತಕ ತಿದ್ದಿ ಕೊಡಬೇಕೆಂದು ಅವರಿಗೆ ಆಸೆ. ಡಾಕ್ಟರು ಮಾತ್ರ, ವರ್ಷದೊಳಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದಿದ್ದರು.

ಅವರಿಗೆ ನಾನು ಸಿಕ್ಕಿದ್ದು ಲಿಫ್ಟಿನಲ್ಲಿ. ಮಗಳ ಕಾಪಿರೈಟಿಂಗ್ ಪುಸ್ತಕ ನನ್ನ ಕೈಯಲ್ಲಿತ್ತು. ಇಂಗ್ಲಿಷ್ ಅಕ್ಷರ ಕೂಡಿಸಿ ಬರೆಯುವುದನ್ನು ಇಲ್ಲಿ ಕಲಿಸುವುದೇ ಇಲ್ಲ ಅಂಕಲ್, ನಾನೇ ಮನೆಯಲ್ಲಿ ಕಲಿಸುತ್ತಿದ್ದೇನೆ ಎಂದೆ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ನಾಲ್ಕು ಗೆರೆಯ ಪುಸ್ತಕದಲ್ಲಿ ‘ಎಫ್’ ಅಕ್ಷರದ ಬಾಲ ಒಂದಿಷ್ಟು ಸೊಟ್ಟಗಾದರೂ ಗೆಣ್ಣಿನ ಮೇಲೆ ರೂಲರಿನಿಂದ ಬಾರಿಸುತ್ತಿದ್ದರು ಎಂದೂ ಹೇಳಿದೆ. ಕೆಳಗೆ ಬಂದ ಮೇಲೂ ಅವರು ಲಿಫ್ಟಿನಿಂದ ಇಳಿಯದೆ, ನನ್ನನ್ನೂ ಮತ್ತೆ ಮೇಲಕ್ಕೆ ಕರೆತಂದರು. “ಹಾಗಾದರೆ ನಮ್ಮ ಕಾನ್ಸುಲನ ಕೈಬರಹ ನಿಮಗೆ ಬಿಡಿಸೋಕೆ ಬರುತ್ತೆ,” ಎಂದರು.

ಬಂತು. ಇಳಿಜಾರಾದ, ಬಾಲ ಉದ್ದದ ಆ ಅಕ್ಷರಗಳು ಸಿಸ್ಟರ್ ಬೋರ್ಡಿನ ಮೇಲೆ ಬರೆದಂತೆಯೇ ಇದ್ದವು. ದಿನಾ ಮನೆಗೆಲಸ ಮುಗಿಸಿ ಹೋಗಿ ಅವರಿಗೆ ಓದಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ, ಉಪ್ಪಿಟ್ಟಿನ ಗೋಡಂಬಿಯನ್ನು ತಟ್ಟೆಯಂಚಿಗೆ ಸರಿಸಿ, ಕೊನೆಗೆ ತಿನ್ನಲೆಂದು ಉಳಿಸಿಕೊಂಡು ಕೇಳುತ್ತಿದ್ದರು. ಕಾಫಿ ಬೇಡ, ಬಿಸಿನೀರು ಸಾಕು. ಓದು ಶುರುವಾಗುವ ಮೊದಲು ಮಾತ್ರ ನಾನು ಕಾರಿಡಾರಿನ ವರದಿ ಒಪ್ಪಿಸಲೇಬೇಕು. ಯಾರ ಮಗುವಿಗೆ ಜ್ವರ, ಯಾವ ಮನೆಯ ಫ್ರಿಜ್ ರಿಪೇರಿಗೆ ಹೋಯಿತು, ಎಲ್ಲ. ಮುಂದಿನ ಕಿಟಕಿ ಕಾರಿಡಾರಿಗೆ ತೆರೆಯುವ ಮನೆಯಲ್ಲಿ ಇದ್ದ ಮೇಲೆ ಇವೆಲ್ಲ ಕಣ್ಣಿಗೆ ಬೀಳದೆ ಇರುತ್ತದೆಯೇ? “ನಿಮ್ಮನ್ನ ಆ ಬಂದರಿಗೆ ಕಳಿಸಿದ್ದರೆ ಅವನ ಕೆಲಸ ಹೋಗ್ತಿತ್ತು,” ಎಂದು ನಗುತ್ತಿದ್ದರು.

ಅವರ ಪುಸ್ತಕದಲ್ಲಿ ಎಲ್ಲರೂ ಮೆಚ್ಚಿದ ಅಧ್ಯಾಯ ಒಬ್ಬ ಹೆಂಗಸಿನದು. ಕಾನ್ಸುಲನ ಎದುರುಮನೆಯಲ್ಲಿದ್ದ ಮೆಣಸಿನ ವ್ಯಾಪಾರಿಯ ಹೆಂಡತಿ ಅವಳು. ಅವಳ ಮನೆಯಲ್ಲಿ ಕೆಲವು ರಾತ್ರಿ ಗಂಡಸರು ಸೇರುತ್ತಾರೆ, ಮೆಲುದನಿಯಲ್ಲಿ ಒಟ್ಟಿಗೆ ಏನೋ ಹೇಳಿಕೊಳ್ಳುತ್ತಾರೆ, ಊಟ ಮಾಡಿ ಚದುರುತ್ತಾರೆ. ಕಾನ್ಸುಲ್ ತನ್ನ ವರಾಂಡದಲ್ಲಿ ಕೂತು ಅವಳ ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿಗಳನ್ನು ಎಣಿಸಿ ವರದಿ ಬರೆದ. ಇದು ಪಿತೂರಿ ಎಂದ. ಇಂಗ್ಲಿಷರು ರಾಜನ ಮೇಲೆ ಒತ್ತಡ ತಂದು ಅವಳನ್ನೂ ಮಕ್ಕಳನ್ನೂ ದೋಣಿ ಹತ್ತಿಸಿ ಊರು ಬಿಡಿಸಿದರು. ಮನೆ ಹಡಗಿನ ಕಲ್ಲಿದ್ದಲು ತುಂಬುವ ಉಗ್ರಾಣವಾಯಿತು. ಅಂಕಲ್ ಅವಳನ್ನು ಬಿಳಿಯರ ವಿರುದ್ಧ ಎದ್ದ ದಂಗೆಯ ಮೊದಲ ನಾಯಕಿ ಎಂದು ಬರೆದಿದ್ದರು.

ಹೀಗಿರುವಾಗ ನಮ್ಮ ಪಕ್ಕದ ಮಲಯ ಆಂಟಿಯ ಗಂಡ ತೀರಿಕೊಂಡರು. ಆಂಟಿಯನ್ನು ನಾವೆಲ್ಲ ಮಲಯ ಭಾಷೆಯಲ್ಲಿ ಕರೆಯುವಂತೆ ‘ಮಕ್ಚಿಕ್’ ಎನ್ನುತ್ತಿದ್ದೆವು. ಟ್ಯಾಕ್ಸಿ ಓಡಿಸುತ್ತಿದ್ದ ಸಾಧು ಮನುಷ್ಯ ಅವರ ಗಂಡ. ಮಣ್ಣು ಮಾಡಿ ಬಂದ ಮೇಲೂ ಕೆಲವು ಸಂಜೆ ನೆಂಟರು ಸೇರುತ್ತಿದ್ದರು. ಅಡುಗೆಗೆ ಹಾಕುವ ಪಾಂಡನ್ ಎಲೆಯ ಗಿಡದ ಕುಂಡಗಳ ಸುತ್ತ ಚಪ್ಪಲಿಗಳು ಹರಡಿ ನಮ್ಮ ಬಾಗಿಲಿನವರೆಗೂ ಬಂದಿದ್ದವು. ಕೂಲಿಯವರ ಬೂಟು, ಮಕ್ಕಳ ಗುಲಾಬಿ ಸ್ಲಿಪ್ಪರು, ಹಿಮ್ಮಡಿ ಸವೆದ ಹೆಂಗಸರ ಚಪ್ಪಲಿ. ಮರುದಿನ ಅಂಕಲ್‌ಗೆ ವರದಿ ಒಪ್ಪಿಸಿದೆ. ಮೂರನೇ ದಿನ ಬಂದಿದ್ದವರೇ ಏಳನೇ ದಿನವೂ ಬಂದಿದ್ದರು, ಪ್ರಾರ್ಥನೆ ಹೇಳಿ ಊಟ ಮಾಡಿ ಹೋದರು. ಇನ್ನು ನಲವತ್ತನೇ ದಿನಕ್ಕೆ ಬರುತ್ತಾರಂತೆ, ನಮ್ಮ ಹನ್ನೊಂದು ಹದಿಮೂರರ ಹಾಗೆ ಎಂದೆ.

ಅಂಕಲ್ ಚಮಚ ಕೆಳಗಿಟ್ಟರು. ಆಮೇಲೆ ಮೆಣಸಿನ ವ್ಯಾಪಾರದ ವರದಿಗಳನ್ನು ತೆಗೆಯಲು ಹೇಳಿದರು. ಅವು ಬೇರೆ ಕಟ್ಟಿನಲ್ಲಿದ್ದವು. ಅವರು ಯಾವಾಗಲೂ ಬೇಸರವೆಂದು ಬದಿಗಿಡುತ್ತಿದ್ದ ಕಟ್ಟು. ಮೂಟೆಗಳ, ದೋಣಿಗಳ ಸಾಲುಗಳ ನಡುವೆ ನಾನು ಓದುತ್ತಾ ಹೋದೆ. ಎದುರುಮನೆಯ ವ್ಯಾಪಾರಿ ಜ್ವರದಿಂದ ಸತ್ತಿದ್ದರಿಂದ ಈ ಸಲದ ಸರಕು ತಡವಾಗುತ್ತದೆ ಎಂಬ ಒಂದು ಸಾಲು ಸಿಕ್ಕಿತು. ತಾರೀಕು ಏನು ಎಂದರು. ಹೇಳಿದೆ. ಬೆರಳು ಮಡಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಕಾನ್ಸುಲ್ ಚಪ್ಪಲಿ ಎಣಿಸಿದ ರಾತ್ರಿಗಳೆಲ್ಲ ಮಕ್ಚಿಕ್ ಮನೆಯ ಹಾಗೆಯೇ ಮೂರು, ಏಳು, ನಲವತ್ತರ ಲೆಕ್ಕಕ್ಕೇ ಹೊಂದಿಕೊಂಡವು.

“ತಿಥಿಗೆ ಬಂದವರು,” ಎಂದರು ಅಂಕಲ್. “ಕಾನ್ಸುಲ್ ಎದುರುಮನೆಯಲ್ಲೇ ಇದ್ದ. ರಸ್ತೆ ದಾಟಿ ಒಂದು ಮಾತು ಕೇಳಬಹುದಿತ್ತು.”

ಅವನಿಗೆ ಗೊತ್ತಾಗಲಿಲ್ಲ, ನಿಮಗೂ ಆಗ ಗೊತ್ತಿರಲಿಲ್ಲವಲ್ಲ ಎಂದು ನಾನು ಸಮಾಧಾನ ಹೇಳಲು ಹೋದೆ.

“ಗೊತ್ತಿರಲಿಲ್ಲ ಅಂತಲ್ಲ ಅಮ್ಮ. ಆ ಪದ್ಧತಿ ನಾನೇ ಪಾಠ ಮಾಡಿದೀನಿ. ಆದರೆ ನನಗೆ ದಂಗೆ ಬೇಕಾಗಿತ್ತು. ಅವನು ಅವಳನ್ನ ಪಿತೂರಿಗಾರ್ತಿ ಮಾಡಿದ, ನಾನು ನಾಯಕಿ ಮಾಡಿದೆ. ಗಂಡ ಸತ್ತ ಮನೆ ಅಂತ ಇಬ್ಬರೂ ಬಿಡಲಿಲ್ಲ.”

ಗೋಡಂಬಿ ತಟ್ಟೆಯಲ್ಲೇ ಉಳಿಯಿತು.

ಆ ಅಧ್ಯಾಯವನ್ನು ತೆಗೆದು ಬೇರೆ ಬರೆದುಕೊಡುತ್ತೇನೆಂದು ಪ್ರಕಾಶನದವರಿಗೆ ಫೋನ್ ಮಾಡಿಸಿದರು. ಸ್ಪೀಕರ್‌ನಲ್ಲಿ ನನಗೂ ಕೇಳಿಸುತ್ತಿತ್ತು. ಆ ಕಡೆಯ ಹುಡುಗಿ ಬಹಳ ವಿನಯವಾಗಿ, ಸರ್, ಓದುಗರಿಗೆ ಅದೇ ಇಷ್ಟ, ನೀವು ಮುನ್ನುಡಿಯಲ್ಲಿ ಒಂದು ಮಾತು ಸೇರಿಸಿದರೆ ಸಾಕು ಎಂದಳು. ಸಾಲದು ಎಂದರು. ತಿಂಗಳ ಗಡುವು ಸಿಕ್ಕಿತು.

ಆ ತಿಂಗಳಲ್ಲಿ ಅವರು ಬಹಳ ಸೋತರು. ಬಿಸಿನೀರು ಬಗ್ಗಿಸುವಾಗ ಲೋಟ ತಪ್ಪಿ ಮೇಜಿನ ಮೇಲೆ ಸುರಿಯುತ್ತಿದ್ದರು. ಬೆಳಿಗ್ಗೆ ಬಂದವಳು ನಾನೇ ಎಂದು ಬಳೆಯ ಸದ್ದಿನಿಂದ ತಿಳಿಯುತ್ತಿದ್ದರು, ಭೂತಗನ್ನಡಿ ಎತ್ತುವುದನ್ನು ಬಿಟ್ಟಿದ್ದರು. ಅವರು ಹೇಳುತ್ತಿದ್ದರು, ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದೆ. ನಡುನಡುವೆ ನಿಲ್ಲಿಸಿ, ಮಕ್ಚಿಕ್ ಆ ಸಂಜೆಗಳಲ್ಲಿ ಎಲ್ಲಿ ಕೂರುತ್ತಾರೆ, ಅಡುಗೆ ಯಾರು ಮಾಡುತ್ತಾರೆ ಎಂದು ಕೇಳುತ್ತಿದ್ದರು. ನನಗೆ ಗೊತ್ತಿರಲಿಲ್ಲ. “ಹಾಗಾದರೆ ಹೋಗಿ ಕೇಳಿ ಬನ್ನಿ. ಕಿಟಕಿಯಿಂದ ನೋಡಿದ್ದು ಬೇಡ.” ಅಷ್ಟು ವರ್ಷ ಪಕ್ಕದಲ್ಲಿದ್ದೂ ನಾನು ಮಕ್ಚಿಕ್ ಮನೆಯೊಳಗೆ ಕೂತಿದ್ದು ಅದೇ ಮೊದಲು. ಅವರು ಹೇಳುತ್ತಾ ಹೇಳುತ್ತಾ ಗಂಡನ ಟ್ಯಾಕ್ಸಿ ಕೀಲಿಯನ್ನು ಸೆರಗಿನಂಥ ತಮ್ಮ ಮೇಲ್ವಸ್ತ್ರದ ತುದಿಯಲ್ಲಿ ಒರೆಸುತ್ತಿದ್ದರು.

ಕೊನೆಯ ದಿನ ಒಂದೇ ಒಂದು ಪದ ಉಳಿದಿತ್ತು. ಅವಳ ಹೆಸರು ಯಾವ ವರದಿಯಲ್ಲೂ ಇರಲಿಲ್ಲ. ಕಾನ್ಸುಲ್ ‘ಆ ಹೆಂಗಸು’ ಎಂದಿದ್ದ, ಅಂಕಲ್ ‘ನಾಯಕಿ’ ಎಂದಿದ್ದರು. ಎರಡೂ ಬೇಡ, ಏನೆನ್ನಲಿ ಎಂದು ಯೋಚಿಸಿ ಯೋಚಿಸಿ ಕಣ್ಣುಜ್ಜಿಕೊಂಡರು. “ಜಾಗ ಖಾಲಿ ಬಿಡಿ ಅಮ್ಮ. ನಾಳೆ ಬೆಳಿಗ್ಗೆ ಹೇಳ್ತೀನಿ.”

ಆ ಬೆಳಿಗ್ಗೆಯೇ ಗ್ರಿಲ್ಲಿಗೆ ಎಷ್ಟು ತಟ್ಟಿದರೂ ಚಮಚದ ಸದ್ದು ಬರಲಿಲ್ಲ. ಬಳೆಯ ಸದ್ದಿಗೆ ಮಕ್ಚಿಕ್ ಹೊರಗೆ ಬಂದರು. ನನ್ನ ಹತ್ತಿರ ಇನ್ನೊಂದು ಕೀಲಿಯಿತ್ತು. ತೆರೆದು ಇಬ್ಬರೂ ಒಳಗೆ ಹೋದೆವು. ಅಂಕಲ್ ಕುರ್ಚಿಯಲ್ಲೇ ಇದ್ದರು, ತಲೆ ಒಂದು ಬದಿಗೆ ವಾಲಿತ್ತು. ಎರಡೂ ಕನ್ನಡಕಗಳನ್ನು ಮಡಚಿ ಮೇಜಿನ ಮೇಲಿಟ್ಟಿದ್ದರು. ಹಗಲಾಗಿದ್ದರೂ ಟೇಬಲ್ ಲ್ಯಾಂಪು ಉರಿಯುತ್ತಲೇ ಇತ್ತು. ಮಕ್ಚಿಕ್ ಅದನ್ನು ಆರಿಸಿದರು.

ಪುಟಗಳನ್ನು ನಾನು ಆ ಖಾಲಿ ಜಾಗದ ಸಮೇತ ಕಳಿಸಿದೆ. ಪುಸ್ತಕ ಮುಂದೆ ಹೊರಬಂತು. ಹಳೆಯ ಅಧ್ಯಾಯ ಇದ್ದಲ್ಲೇ ಇತ್ತು. ಅಂಕಲ್ ಹೇಳಿ ಬರೆಸಿದ್ದು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಅವರಿಗೆ ಕಣ್ಣಿದ್ದರೂ ಕಾಣದಷ್ಟು ಸಣ್ಣದರಲ್ಲಿ ಅಚ್ಚಾಗಿತ್ತು. ಖಾಲಿ ಜಾಗದಲ್ಲಿ ಯಾರೋ ‘ವಿಧವೆ’ ಎಂದು ತುಂಬಿದ್ದರು. ಅಂಕಲ್ ಏನು ಹೇಳುವವರಿದ್ದರೋ ನನಗೆ ಇವತ್ತಿಗೂ ಹೊಳೆದಿಲ್ಲ. ಒಬ್ಬರ ಬಾಗಿಲು ನೋಡಿ ಏನಾದರೂ ಅಂದುಕೊಳ್ಳುವ ಮೊದಲು ಆ ಬಾಗಿಲು ತಟ್ಟುವ ಅಭ್ಯಾಸ ಮಾತ್ರ ಅವರಿಂದ ಬಂದದ್ದು.

ಅವತ್ತು ಆಸ್ಪತ್ರೆಯವರು ಬಂದು ಅವರನ್ನು ಕರೆದುಕೊಂಡು ಹೋಗುವ ಹೊತ್ತಿಗೆ ಮಧ್ಯಾಹ್ನವಾಯಿತು. ಮೈಸೂರಿನಲ್ಲಿದ್ದ ದೂರದ ಸಂಬಂಧಿಗೆ ನಮ್ಮವರು ಫೋನ್ ಮಾಡಿದರು. ಅವರಿಗೆ ಪಾಸ್‌ಪೋರ್ಟ್ ಇರಲಿಲ್ಲ, ನೀವೇ ಕಾರ್ಯ ಮುಗಿಸಿಬಿಡಿ ಎಂದರು. ಯೂನಿವರ್ಸಿಟಿಯಿಂದ ಒಂದು ಹೂವಿನ ಚಕ್ರ ಬರುವುದಿತ್ತು. ಬೇರೆ ಯಾರಿಗೆ ಹೇಳಬೇಕೋ ನಮಗೆ ತೋಚಲಿಲ್ಲ.

ಸಂಜೆ ನಾನು ಬಿದಿರುಗಳ ಒಳಗೆಳೆದು, ಒಣಗಿದ ಬಟ್ಟೆಗಳನ್ನು ಕಾರಿಡಾರಿನ ಕಿಟಕಿಯ ಬಳಿ ಮಡಚುತ್ತಿದ್ದೆ. ಬೆಳಗಿನ ಉಪ್ಪಿಟ್ಟಿನ ಡಬ್ಬಿ ತುಂಬಿದ್ದ ಹಾಗೇ ಕಟ್ಟೆಯ ಮೇಲಿತ್ತು. ಮಕ್ಚಿಕ್ ಹೊರಗೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಮುಗಿಸಿ, ಬಕೆಟ್ಟನ್ನು ಬೋರಲು ಹಾಕಿ, ಒಳಗೆ ಹೋಗುವವರು ನನ್ನ ಕಿಟಕಿಯ ಹತ್ತಿರ ನಿಂತರು.

“ಪ್ರೊಫೆಸರ್‌ಗೆ ಪ್ರಾರ್ಥನೆ ಮಾಡೋಕೆ ನಿಮ್ಮ ಜನ ಯಾವ್ಯಾವತ್ತು ಬರ್ತಾರೆ, ಮುಂಚೇನೇ ಹೇಳು ಲಾ,” ಎಂದರು ಮಾತಿನ ತುದಿಗೆ ‘ಲಾ’ ಸೇರಿಸುವ ತಮ್ಮ ಇಂಗ್ಲಿಷಿನಲ್ಲಿ. “ಈ ಕುಂಡ ಎಲ್ಲ ಒಳಗಿಡ್ತೀನಿ. ಚಪ್ಪಲಿ ಬಿಡೋಕೆ ಜಾಗ ಬೇಕಲ್ಲ.”