ಗೇಟಿನ ಮೇಲಿರುವ ನನ್ನ ಹೆಸರು

ಸ್ನೇಹಿತರೇ, ತಂಗಿಯನ್ನು ಮದುವೆಯಾಗಲಿರುವ ನವೀನನ ಎದುರು ಇವತ್ತು ಸಂಜೆ ಚಹಾದ ಜೊತೆ ಅವನ ಮನೆಯ ಇಸಿಯನ್ನೂ, ಅಂದರೆ ನೋಂದಣಿ ಕಚೇರಿಯ ಋಣಭಾರ ಪತ್ರವನ್ನೂ, ಇಟ್ಟೆ. "ನನ್ನ ಮನೆ ಉರ್ವದಲ್ಲಿ ಉಂಟು" ಎಂದು ಅವನು ಹೇಳಿದ್ದನ್ನು ನಾನು ನಂಬಿರಲಿಲ್ಲ. ಗುಟ್ಟಾಗಿ ದಾಖಲೆ ತೆಗೆಸಿದರೆ ಮಾಲೀಕರ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರಿತ್ತು.

"ಈ ವಾರಿಜಾ ಯಾರು?"

ನವೀನನ ಮುಖ ಬಿಗಿಯಿತು. "ನನ್ನ ಅಕ್ಕ. ಅಮ್ಮ ಮನೆಯನ್ನು ಅವಳ ಹೆಸರಿಗೆ ಬರೆದಿದ್ದಾರೆ. ನಮ್ಮ ಕಡೆ ಆಸ್ತಿ ಹೆಣ್ಣುಮಕ್ಕಳಿಗೇ ಅಲ್ವಾ ಹೋಗುವುದು? ಕಾಗದ ತೆಗೆಸುವ ಮೊದಲು ನನ್ನನ್ನೇ ಕೇಳಬಹುದಿತ್ತು."

ತಂಗಿ ಲೋಟ ಕೆಳಗಿಟ್ಟಳು. ನಾನು ಬಿಡಲಿಲ್ಲ.

"ನನ್ನ ಮನೆಯಲ್ಲಿ ಕೂತು ನನಗೇ ಕತೆ ಹೇಳ್ತೀರಾ?"

ಅಡುಗೆಮನೆಯಿಂದ ಅಮ್ಮ ಹೊರಗೆ ಬಂದರು. "ಯಾರ ಮನೆ ಮಾರಾಯ? ಇದನ್ನು ನಾನು ಹೋದ ವರ್ಷವೇ ನಿನ್ನ ತಂಗಿಗೆ ಬರೆದುಕೊಟ್ಟಿದ್ದೇನೆ. ಸಾಕ್ಷಿಗೆ ಸಹಿ ಹಾಕಿದ್ದು ನೀನೇ ಅಲ್ವಾ?"

ನವೀನ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಇಸಿಯನ್ನು ಮಡಚಿ ನನ್ನ ಕೈಗೆ ಕೊಟ್ಟು ಹೊರಟುಹೋದ.

ನಮ್ಮ ಗೇಟಿನ ಮೇಲೆ ಈಗಲೂ ನನ್ನ ಹೆಸರಿನ ಬೋರ್ಡೇ ಇದೆ. ಅದನ್ನು ಅಲ್ಲೇ ಬಿಡಬಹುದೇ ಎಂದು ಮನೆಯ ಮಾಲೀಕಳನ್ನು ಕೇಳಬೇಕಿತ್ತು. ಆದರೆ ಅವಳು ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.